ಊರು ಯಾವುದಾದರೂ ಸರಿ

ಕನ್ನಡದ ಅಧ್ಯಾಪಕನಾದ ನಾನು ಜನಾರೋಗ್ಯದ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ವಾಚಕರು ಹುಬ್ಬೇರಿಸಬಹುದು. ಅದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುವುದು ಮೇಲು. ಮೂರು ವರ್ಷಗಳ ಹಿಂದೆ ನಮ್ಮ ಊರಿಗೆ ಸಮೀಪದ ವೈದ್ಯಕೀಯ ಕಾಲೇಜೊಂದರವರು, ಅಲ್ಲಿ ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಸ್ನಾತಕೋತ್ತರ ಪದವಿಗಾಗಿ, ಅಂದರೆ ಎಂ.ಪಿ.ಎಚ್.ಗಾಗಿ, ಓದುತ್ತಿದ್ದವರಿಗೆ ವಾರಕ್ಕೆ ಎರಡು ಸಲ ಬಂದು ಕನ್ನಡ ಕಲಿಸಿಕೊಡಬೇಕೆಂದು ನನ್ನನ್ನು ಕೇಳಿದರು. ಒಬ್ಬೊಬ್ಬ ರೋಗಿಯ ನಾಡಿ ಹಿಡಿದು ಮದ್ದು ಕೊಡುವ ವಿದ್ಯೆ ಇದಲ್ಲ. ಊರಿಗೆ ಊರೇ ಕಾಯಿಲೆ ಬೀಳದಂತೆ ನೋಡಿಕೊಳ್ಳುವ ವಿದ್ಯೆ. ಕುಡಿಯುವ ನೀರು, ಚರಂಡಿ, ಲಸಿಕೆ, ಬಸುರಿ ಬಾಣಂತಿಯರ ಲೆಕ್ಕ, ಸತ್ತವರ ಲೆಕ್ಕ, ಇವೇ ಇದರ ಸಾಮಗ್ರಿ. ಊರವರೊಡನೆ ಮಾತನಾಡಲು ಬಾರದವನು ಇದನ್ನು ಮಾಡಲಾರ. ಅದಕ್ಕಾಗಿ ನನಗೆ ಕರೆ ಬಂದಿತ್ತು.

ತರಗತಿಯಲ್ಲಿದ್ದವರು ಇಪ್ಪತ್ತೊಂದು ಮಂದಿ. ಅರ್ಧದಷ್ಟು ಮಂದಿ ಕೇರಳದಿಂದಲೂ ಈಶಾನ್ಯ ರಾಜ್ಯಗಳಿಂದಲೂ ಬಂದವರು. ಉಳಿದವರು ಕನ್ನಡಿಗರೇ, ಆದರೆ ಮೊದಲಿನಿಂದಲೂ ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ತಿಣುಕುವವರು. ಎಂ.ಬಿ.ಬಿ.ಎಸ್. ಮುಗಿಸಿ ಬಂದವರು ಅವರಲ್ಲಿ ಇಬ್ಬರೇ ಎಂಬುದು ನನಗೆ ಅಚ್ಚರಿಯ ಸಂಗತಿಯಾಗಿತ್ತು. ಹೆಚ್ಚಿನವರು ದಂತವೈದ್ಯರು, ಕೆಲವರು ಆಯುರ್ವೇದದವರು, ಕೆಲವರು ನರ್ಸಿಂಗ್ ಓದಿದವರು.

ಆ ನಾಲ್ಕು ತಿಂಗಳು ನನಗೆ ಬಹಳ ಹಿತವಾಗಿ ಕಳೆದುವು. ವ್ಯಾಕರಣವನ್ನು ಬದಿಗಿಟ್ಟು, ಕಾಯಿಲೆಗೆ ಹಳ್ಳಿಯವರು ಆಡುವ ಮಾತುಗಳ ಪಟ್ಟಿಯೊಂದನ್ನು ಮಾಡಿಕೊಂಡು ಅದನ್ನೇ ಪಾಠವಾಗಿ ಹೇಳಿದೆನು. ಉಬ್ಬಸ ಬೇರೆ, ದಮ್ಮು ಬೇರೆ, ಎದೆ ಹಿಡಿದುಕೊಳ್ಳುವುದು ಬೇರೆ. 'ಸುಸ್ತು' ಎನ್ನುವ ಹೆಂಗಸು ಬಿಸಿಲಿನ ಆಯಾಸವನ್ನೇ ಹೇಳುತ್ತಿರಬಹುದು, ರಕ್ತಹೀನತೆಯನ್ನೂ ಹೇಳುತ್ತಿರಬಹುದು, ಮನೆಯಲ್ಲಿ ಹೇಳಿಕೊಳ್ಳಲಾಗದ ದುಃಖವನ್ನೂ ಹೇಳುತ್ತಿರಬಹುದು. ನಾನು ಶಬ್ದವನ್ನು ಹೇಳಿದರೆ ಅವರು ರೋಗವನ್ನು ಹೇಳುವರು. ಯಾರು ಗುರು, ಯಾರು ಶಿಷ್ಯರು ಎಂಬುದು ಕೆಲವು ಸಲ ಮರೆತುಹೋಗುತ್ತಿತ್ತು.

ಕೊನೆಯ ವಾರದಲ್ಲಿ ಅವರಿಗೊಂದು ಪ್ರಬಂಧ ಕೊಟ್ಟೆನು: 'ಓದು ಮುಗಿದ ಮೇಲೆ ನಾನು ಎಲ್ಲಿ, ಯಾವ ಕೆಲಸ ಮಾಡಬಯಸುತ್ತೇನೆ? ಏಕೆ?' ಹತ್ತು ಸಾಲಾದರೂ ಸಾಕು, ತಪ್ಪಿದ್ದರೂ ಚಿಂತೆಯಿಲ್ಲ ಎಂದು ಧೈರ್ಯ ಹೇಳಿದೆನು. ಬಂದ ಇಪ್ಪತ್ತೊಂದು ಹಾಳೆಗಳನ್ನು ಒಂದು ರಾತ್ರಿ ಕುಳಿತು ಓದಿದೆನು. ಐದು ಮಂದಿ ಹೊರದೇಶಕ್ಕೆ ಹೋಗಿ ಮುಂದೆ ಓದುವೆವೆಂದು ಬರೆದಿದ್ದರು. ಎಂಟು ಮಂದಿಗೆ ಬೆಂಗಳೂರು ಅಥವಾ ದೆಹಲಿಯ ಯಾವುದಾದರೊಂದು ಸಂಸ್ಥೆಯಲ್ಲಿ ಅಂಕಿಅಂಶಗಳ ಕೆಲಸ ಬೇಕು. ಎಂ.ಬಿ.ಬಿ.ಎಸ್. ಓದಿದ ಇಬ್ಬರಿಗೂ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುವ ಆಸೆ. ಮೂರು ಮಂದಿ ಬರಿದೆ 'ಸರ್ಕಾರಿ ಕೆಲಸ' ಎಂದು ಬರೆದಿದ್ದರು. ಉಳಿದ ಮೂವರಲ್ಲಿ ಇಬ್ಬರಿಗೆ ಇನ್ನೂ ನಿಶ್ಚಯವಿಲ್ಲ. ಒಬ್ಬನು ಮಾತ್ರ ಮಲೆನಾಡಿನ ಹಳ್ಳಿಯೊಂದರಲ್ಲಿ ನೆಲಸಿ ಬಡವರ ಸೇವೆ ಮಾಡುವೆನೆಂದು ಒಂದೂವರೆ ಪುಟ ಬರೆದಿದ್ದನು. ಅದನ್ನು ನಾನು ಮರುದಿನ ತರಗತಿಯಲ್ಲಿ ಗಟ್ಟಿಯಾಗಿ ಓದಿ ಹೊಗಳಿದೆನು.

ಸರ್ಕಾರಿ ಕೆಲಸ ಬೇಕೆಂದವರಲ್ಲಿ ಒಬ್ಬಳು ವಿದ್ಯಾರ್ಥಿನಿ ಬರೆದುದು ನಾಲ್ಕೇ ಸಾಲು. ಅದರ ಕೊನೆಯ ಸಾಲು ಹೀಗಿತ್ತು: 'ಕೆಲಸ ಖಾಯಂ ಆಗಿರಬೇಕು, ತಿಂಗಳಿಗೆ ಸರಿಯಾಗಿ ಸಂಬಳ ಬರಬೇಕು; ಊರು ಯಾವುದಾದರೂ ಸರಿ.' ನಾನು ಅದರ ಕೆಳಗೆ ಕೆಂಪು ಶಾಯಿಯಲ್ಲಿ, 'ಸೇವೆಯ ಮಾತು ಎಲ್ಲಿ ಹೋಯಿತು?' ಎಂದು ಬರೆದೆನು.

ಆಕೆ ಅಂದು ಸಂಜೆ ನನ್ನನ್ನು ಹುಡುಕಿಕೊಂಡು ಬಂದಳು. ಮುಖದಲ್ಲಿ ಕೋಪವಿರಲಿಲ್ಲ. "ಸಾರ್, ತಾವು ಬರೆದುದನ್ನು ಓದಿದೆ. ನಾನು ಈ ಓದಿಗೆ ಬರುವ ಮೊದಲು ಎರಡು ವರ್ಷ ಜಿಲ್ಲಾ ಕಚೇರಿಯೊಂದರಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡಿದವಳು" ಎಂದು ಮೊದಲುಮಾಡಿದಳು. ಗುತ್ತಿಗೆಯೆಂದರೆ ಹನ್ನೊಂದು ತಿಂಗಳಿನದು. ಹನ್ನೆರಡನೆಯ ತಿಂಗಳಿಗೆ ಮುನ್ನ ಒಂದು ದಿನ ಬಿಡುವು ಕೊಟ್ಟು, ಮರುದಿನ ಹೊಸದಾಗಿ ಸೇರಿದಂತೆ ಕಾಗದ ಮಾಡುವರು. ಹೀಗೆ ಮಾಡಿದರೆ ಸೇವೆ ಅಖಂಡವಾಗುವುದಿಲ್ಲವಂತೆ. ಖಾಯಂ ಮಾಡಿರೆಂದು ಕೇಳುವ ಹಕ್ಕು ಹುಟ್ಟುವುದಿಲ್ಲವಂತೆ. ಮೇಲಿನಿಂದ ಹಣ ಬರುವುದು ತಡವಾದರೆ ಸಂಬಳವೂ ತಡ. ಒಮ್ಮೆ ಮೂರು ತಿಂಗಳು ಬರಲಿಲ್ಲ. ಹಳ್ಳಿಹಳ್ಳಿಗೆ ಸುತ್ತಲು ಬಸ್ಸಿನ ಕಾಸನ್ನು ತಂದೆಯವರಿಂದ ತರಿಸಿಕೊಂಡಳು. "ಹಳ್ಳಿಗೆ ಹೋಗಲು ನನಗೆ ಬೇಸರವಿರಲಿಲ್ಲ ಸಾರ್. ಹೋದ ಊರಿಗೇ ಮುಂದಿನ ವರ್ಷವೂ ಹೋಗುತ್ತೇನೆಯೋ ಇಲ್ಲವೋ ಎಂಬುದು ತಿಳಿಯದೆ ಹೋಗುವುದಿದೆಯಲ್ಲ, ಅದು ಬೇಸರ" ಎಂದಳು.

ನನ್ನ ಮುಖ ಸಣ್ಣದಾಯಿತು. ಏಕೆಂದು ಹೇಳದೆ ಹೋದರೆ ಈ ಬರಹ ಅಪ್ರಾಮಾಣಿಕವಾದೀತು. ಈಗಿನ ಈ ಹುದ್ದೆ ನನಗೆ ಸಿಕ್ಕುವ ಮೊದಲು ನಾನೇ ಏಳು ವರ್ಷ ಅತಿಥಿ ಉಪನ್ಯಾಸಕನಾಗಿದ್ದೆನು. ಅತಿಥಿ ಎಂದರೆ ತಿಥಿಯಿಲ್ಲದೆ ಬರುವವನು ಎಂದು ಹಿರಿಯರು ಬಿಡಿಸಿ ಹೇಳುವರು. ನನ್ನ ಸಂಬಳಕ್ಕೂ ತಿಥಿಯಿರಲಿಲ್ಲ. ಬೇಸಗೆ ರಜೆಯ ತಿಂಗಳುಗಳಲ್ಲಿ ಅದೂ ಇಲ್ಲ. ಆ ಏಳು ವರ್ಷಗಳಲ್ಲಿ ಯಾರಾದರೂ ನನ್ನ ಅರ್ಜಿಯ ಕೆಳಗೆ 'ಕನ್ನಡದ ಸೇವೆಯ ಮಾತು ಎಲ್ಲಿ ಹೋಯಿತು?' ಎಂದು ಬರೆದಿದ್ದರೆ ನಾನು ಏನೆನ್ನುತ್ತಿದ್ದೆನೋ ಊಹಿಸಬಲ್ಲೆ. ಖಾಯಂ ಆದ ಹತ್ತು ವರ್ಷಗಳಲ್ಲಿ ಅದನ್ನೆಲ್ಲ ಮರೆತು ಕೆಂಪು ಶಾಯಿ ಹಿಡಿದಿದ್ದೆನು.

ಅಂದಿನಿಂದ ಈ ವಿಷಯವನ್ನು ಸಿಕ್ಕಿದಲ್ಲಿ ಓದುತ್ತಲೂ ಬಲ್ಲವರನ್ನು ಕೇಳುತ್ತಲೂ ಬಂದಿದ್ದೇನೆ. ಓದಿದಷ್ಟೂ ಒಂದು ಸಂಗತಿ ಮನಸ್ಸಿಗೆ ಖಚಿತವಾಗುತ್ತ ಬಂದಿದೆ. ತರುಣರು ಜನಾರೋಗ್ಯದ ಕೆಲಸಕ್ಕೆ, ಅದರಲ್ಲಿಯೂ ಹಳ್ಳಿಯ ಕೆಲಸಕ್ಕೆ, ಬರುವುದಿಲ್ಲವೆಂದು ನಾವು ಮರುಗುತ್ತೇವೆ. ಅವರು ಬರಬೇಕಾದ ಮನೆಯನ್ನು ನಾವಿನ್ನೂ ಕಟ್ಟಿಲ್ಲ. ಪದವಿಯನ್ನು ಮೊದಲು ಹುಟ್ಟಿಸಿದೆವು. ಹುದ್ದೆಯನ್ನು ಹುಟ್ಟಿಸಲು ಮರೆತೆವು.

ಹಿಂದಿನವರಿಗೆ ಈ ಮರೆವು ಇರಲಿಲ್ಲ. ಕಲ್ಕತ್ತೆಯಲ್ಲಿ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ತೆರೆದದ್ದು ೧೯೩೨ರಲ್ಲಿ. ಅಲ್ಲಿಗೆ ಓದಲು ಬರುತ್ತಿದ್ದವರಲ್ಲಿ ಅನೇಕರು ಆಗಲೇ ಸರ್ಕಾರದ ನೌಕರಿಯಲ್ಲಿದ್ದವರು. ಓದಿ ಹಿಂದಿರುಗಲು ಅವರಿಗೊಂದು ಕುರ್ಚಿಯಿತ್ತು. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿ ೧೯೪೬ರಲ್ಲಿ ಕೊಟ್ಟ ವರದಿ, ರೋಗವನ್ನು ತಡೆಯುವ ಕೆಲಸವನ್ನೂ ವಾಸಿಮಾಡುವ ಕೆಲಸವನ್ನೂ ಒಂದೇ ಕೈಯಲ್ಲಿರಿಸಬೇಕೆಂದು ಬಯಸಿತು. ಉದ್ದೇಶ ಉದಾತ್ತವಾದುದೇ. ಆದರೆ ಸ್ವಾತಂತ್ರ್ಯಾನಂತರ ಬಹುತೇಕ ರಾಜ್ಯಗಳಲ್ಲಿ ವೈದ್ಯ ಇಲಾಖೆಯೂ ಸಾರ್ವಜನಿಕ ಆರೋಗ್ಯ ಇಲಾಖೆಯೂ ಒಂದುಗೂಡಿದ ಮೇಲೆ ಆದದ್ದೇನು? ದೊಡ್ಡ ಮರದ ನೆರಳಿನಲ್ಲಿ ನೆಟ್ಟ ಗಿಡದ ಪಾಡಾಯಿತು. ಬಾಗಿಲಲ್ಲಿ ನರಳುತ್ತಿರುವ ರೋಗಿಯ ಮುಂದೆ, ಇನ್ನೂ ಕಾಯಿಲೆ ಬೀಳದವನ ಲೆಕ್ಕ ಬರೆಯುವವನ ಮಾತು ಯಾರಿಗೆ ಕೇಳಿಸೀತು? ತಮಿಳುನಾಡು ಮಾತ್ರ ತನ್ನ ಸಾರ್ವಜನಿಕ ಆರೋಗ್ಯ ನಿರ್ದೇಶನಾಲಯವನ್ನು ಬೇರೆಯಾಗಿಯೇ ಉಳಿಸಿಕೊಂಡಿತು. ಅಲ್ಲಿ ೧೯೩೯ರಷ್ಟು ಹಿಂದೆಯೇ ಸಾರ್ವಜನಿಕ ಆರೋಗ್ಯದ ಕಾನೂನು ಬಂದಿತ್ತು. ಈ ವಿದ್ಯೆಯನ್ನು ಓದಿದ ವೈದ್ಯನಿಗೆ ಅಲ್ಲಿ ಏರಲು ಒಂದು ಏಣಿಯಿದೆ. ನೆರೆಮನೆಯ ಈ ಏಣಿಯನ್ನು ನಾವು ಎಂಬತ್ತು ವರ್ಷಗಳಿಂದ ಬೇಲಿಯಾಚೆಯಿಂದ ನೋಡುತ್ತಲೇ ಇದ್ದೇವೆ.

ವೈದ್ಯರಲ್ಲದವರಿಗೂ ತೆರೆದ ಎಂ.ಪಿ.ಎಚ್. ಪದವಿ ಬಂದದ್ದು ತೀರ ಈಚೆಗೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ೧೯೯೭ರಲ್ಲಿ ಎಂ.ಪಿ.ಎಚ್. ಶಿಕ್ಷಣವನ್ನು ಮೊದಲುಮಾಡಿತು. ೨೦೦೫ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಹುಟ್ಟಿ, ಜಿಲ್ಲೆ ಜಿಲ್ಲೆಗೂ ಯೋಜನೆ ಬರೆಯುವವರು, ಲೆಕ್ಕ ನೋಡುವವರು ಬೇಕಾದರು; ೨೦೦೬ರಲ್ಲಿ ಭಾರತೀಯ ಸಾರ್ವಜನಿಕ ಆರೋಗ್ಯ ಪ್ರತಿಷ್ಠಾನ ಸ್ಥಾಪಿತವಾಯಿತು; ಆಮೇಲೆ ಮಣಿಪಾಲ, ಮೈಸೂರು, ಬೆಳಗಾವಿ, ಬೆಂಗಳೂರು ಎನ್ನದೆ ಎಲ್ಲೆಡೆಯೂ ಈ ಓದು ಹಬ್ಬಿತು. ಆದರೆ ಅಭಿಯಾನ ಎಂಬ ಹೆಸರೇ ಹೇಳುವಂತೆ ಅದು ಒಂದು ಕಾಲಕ್ಕೆ ಹೊರಟ ದಂಡಯಾತ್ರೆ; ಅದರ ಹುದ್ದೆಗಳೂ ಡೇರೆಯ ಹುದ್ದೆಗಳೇ. ದಂಡಯಾತ್ರೆ ಹೊರಟು ಇಪ್ಪತ್ತು ವರ್ಷ ಕಳೆದರೂ ಡೇರೆ ಗೋಡೆಯಾಗಲಿಲ್ಲ. ಗೋಡೆಯ ಮನೆ ಇರುವೆಡೆ ಈ ವಿದ್ಯಾರ್ಥಿಗಳಿಗೆ ಪ್ರವೇಶವಿಲ್ಲ. ತಾಲ್ಲೂಕು ಆರೋಗ್ಯಾಧಿಕಾರಿಯ ಕುರ್ಚಿಗೆ ವೈದ್ಯ ಪದವಿ ಬೇಕೇ ಬೇಕು. ದಂತವೈದ್ಯೆಯಾಗಿ, ಎರಡು ವರ್ಷ ಜನಾರೋಗ್ಯವನ್ನೇ ಓದಿದವಳು ಆ ಕುರ್ಚಿಯ ಪಕ್ಕದ ಮೇಜಿನಲ್ಲಿ ಗುತ್ತಿಗೆಯ ಮೇಲೆ ಕುಳಿತು ವರದಿ ಬರೆದುಕೊಡಬಹುದು; ಸಹಿ ಮಾತ್ರ ಇನ್ನೊಬ್ಬರದು. ೨೦೧೭ರ ರಾಷ್ಟ್ರೀಯ ಆರೋಗ್ಯ ನೀತಿ ಪ್ರತಿ ರಾಜ್ಯದಲ್ಲಿಯೂ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ನೌಕರವರ್ಗವಿರಬೇಕೆಂದಿತು. ೨೦೨೨ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅದಕ್ಕೊಂದು ಮಾರ್ಗದರ್ಶಿ ಹೊತ್ತಗೆಯನ್ನೂ ಹೊರತಂದಿತು. ಹೊತ್ತಗೆಗಳಿಗೆ ನಮ್ಮಲ್ಲಿ ಎಂದೂ ಬರವಿಲ್ಲ.

ತರುಣರ ಮನಸ್ಸನ್ನು ಅಳೆಯಲು ಈಗ ಅರ್ಥಶಾಸ್ತ್ರಜ್ಞರು ಒಂದು ವಿಧಾನವನ್ನು ಬಳಸುತ್ತಾರೆ. 'ನಿನಗೆ ಹಳ್ಳಿ ಇಷ್ಟವೋ ಪಟ್ಟಣ ಇಷ್ಟವೋ?' ಎಂದು ಅವರು ಕೇಳುವುದಿಲ್ಲ. ಎರಡು ಕಲ್ಪಿತ ಕೆಲಸಗಳನ್ನು ಮುಂದಿಡುತ್ತಾರೆ. ಒಂದರಲ್ಲಿ ಸಂಬಳ ಹೆಚ್ಚು, ಆದರೆ ಊರು ದೂರ. ಇನ್ನೊಂದರಲ್ಲಿ ಸಂಬಳ ಕಡಿಮೆ, ಆದರೆ ನಾಲ್ಕು ವರ್ಷಕ್ಕೆ ಮುಂದಿನ ಓದಿಗೆ ಅವಕಾಶ. ಯಾವುದನ್ನು ಆರಿಸುವೆ? ಹೀಗೆ ಹತ್ತಾರು ಜೋಡಿಗಳನ್ನು ತೋರಿಸಿ, ಆಯ್ಕೆಗಳಿಂದ ಮನಸ್ಸಿನ ತೂಕವನ್ನು ಲೆಕ್ಕ ಹಾಕುವರು. ಉತ್ತರಾಖಂಡ ಮತ್ತು ಆಂಧ್ರಪ್ರದೇಶಗಳಲ್ಲಿ ವೈದ್ಯರನ್ನೂ ದಾದಿಯರನ್ನೂ ಹೀಗೆ ಪರೀಕ್ಷಿಸಿದ ಅಧ್ಯಯನವೊಂದು ೨೦೧೩ರಲ್ಲಿ ಪ್ರಕಟವಾಗಿದೆ. ಹಳ್ಳಿಯ ಕೆಲಸಕ್ಕೆ ವೈದ್ಯ ವಿದ್ಯಾರ್ಥಿಗಳಿಗಿಂತ ನರ್ಸಿಂಗ್ ವಿದ್ಯಾರ್ಥಿಗಳು ಹೆಚ್ಚು ಒಲವು ತೋರಿದರು. ಮುಂದಿನ ಓದಿಗೆ ಸೀಟು ಸಿಕ್ಕುವ ಭರವಸೆ ಪ್ರಬಲವಾದ ಆಕರ್ಷಣೆಯಾಗಿ ಕಂಡಿತು. ವಿಶ್ವ ಆರೋಗ್ಯ ಸಂಸ್ಥೆ ೨೦೧೦ರಲ್ಲಿಯೂ ಮತ್ತೆ ೨೦೨೧ರಲ್ಲಿಯೂ ಹೊರಡಿಸಿದ ಸಲಹೆಗಳಲ್ಲಿ, ಹಳ್ಳಿಯಲ್ಲಿ ಹುಟ್ಟಿ ಬೆಳೆದವರನ್ನೇ ಈ ಓದಿಗೆ ಸೇರಿಸಿಕೊಳ್ಳಿರೆಂಬುದು ಮುಖ್ಯವಾದುದು.

ಈ ವಿಧಾನದಲ್ಲಿ ನಮ್ಮಂಥ ಪರೀಕ್ಷಕರಿಗೂ ಒಂದು ಪಾಠವಿದೆ. ಒಲವು ಎಂಬುದು ಹುಟ್ಟುಗುಣವಲ್ಲ. ಮುಂದಿಟ್ಟ ಕೆಲಸಕ್ಕೆ ಕೊಟ್ಟ ಉತ್ತರ. ನಾನು ಕೇಳಿದ ಪ್ರಶ್ನೆಯಲ್ಲಿ ಯಾವ ಕೆಲಸವೂ ಇರಲಿಲ್ಲ, ಬರಿಯ ಆಸೆಯಿತ್ತು. ಆದುದರಿಂದ ಕೆಲಸವನ್ನು ಕಂಡು ಬಂದವಳು ನಾಲ್ಕು ಸಾಲು ಬರೆದಳು, ಕಾಣದವನು ಒಂದೂವರೆ ಪುಟ ಬರೆದನು. ಆ ಹುಡುಗನನ್ನು ನಾನು ಹಳಿಯುತ್ತಿಲ್ಲ. ಅವನು ಈಗ ಇಂಗ್ಲೆಂಡಿನಲ್ಲಿ ಸಂಶೋಧನೆ ಮಾಡುತ್ತಿದ್ದಾನೆ. ಹಬ್ಬಕ್ಕೆ ತಪ್ಪದೆ ಶುಭಾಶಯ ಕಳುಹಿಸುತ್ತಾನೆ.

ಒಲಿಸಲಾರದವರು ಕಟ್ಟಿಹಾಕುವರು ಎಂಬಂತೆ, ಕಾನೂನಿನ ದಾರಿಯನ್ನೂ ನಾವು ಹಿಡಿದು ನೋಡಿದೆವು. ವೈದ್ಯಕೀಯ ಓದು ಮುಗಿಸಿದವರು ಒಂದು ವರ್ಷ ಸರ್ಕಾರದ ಸೇವೆ ಸಲ್ಲಿಸಲೇಬೇಕೆಂದು ಕರ್ನಾಟಕ ೨೦೧೨ರಲ್ಲಿ ಕಾನೂನು ಮಾಡಿತು. ರಾಜ್ಯಗಳು ಹಾಕುವ ಇಂಥ ಷರತ್ತುಗಳನ್ನು ೨೦೧೯ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಆದರೆ ೨೦೨೩ರಲ್ಲಿ ನಮ್ಮ ರಾಜ್ಯವೇ ತನ್ನ ಕಾನೂನನ್ನು ತಿದ್ದಿ, ಖಾಲಿ ಹುದ್ದೆಗಳಿರುವಷ್ಟು ಮಂದಿ ಮಾತ್ರ ಸೇವೆ ಸಲ್ಲಿಸಿದರೆ ಸಾಕೆಂದಿತು. ಓದಿ ಬಂದವರೆಲ್ಲರಿಗೂ ಕೊಡಲು ಜಾಗವಿರಲಿಲ್ಲ! ತರುಣರು ಹಳ್ಳಿಗೆ ಒಲ್ಲೆನೆನ್ನುವರೆಂದು ದಶಕಗಳ ಕಾಲ ದೂರಿದ ಮೇಲೆ ಕಂಡ ಈ ದೃಶ್ಯದ ಮೇಲೆ ನಾಟಕವೊಂದನ್ನು ಬರೆಯಬಹುದು.

ಇತ್ತ ಎಂಟು ಮಂದಿ ಬಯಸಿದ ಬೆಂಗಳೂರು ದೆಹಲಿಗಳ ಸಂಸ್ಥೆಗಳಾದರೂ ಭದ್ರವೇ? ೨೦೨೦ರ ಕೋವಿಡ್ ಕಾಲದಲ್ಲಿ ಈ ವಿದ್ಯೆಗೆ ಎಲ್ಲಿಲ್ಲದ ಬೆಲೆ ಬಂದಿತು. ಸೋಂಕಿತರ ಸಂಪರ್ಕ ಹುಡುಕಲು, ಲೆಕ್ಕ ಕಟ್ಟಲು ಕರೆದವರೇ ಎಲ್ಲರೂ. ಅಲೆ ಇಳಿದ ಮೇಲೆ ಆ ಹುದ್ದೆಗಳೂ ಇಳಿದುವು. ಹೊರದೇಶಗಳ ದತ್ತಿಯಿಂದ ನಡೆಯುವ ಯೋಜನೆಗಳಲ್ಲಿ ಸಂಬಳ ಚೆನ್ನಾಗಿತ್ತು. ೨೦೨೫ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶೀ ನೆರವನ್ನು ತಡೆಹಿಡಿದು, ಜುಲೈ ವೇಳೆಗೆ ಯು.ಎಸ್.ಏಡ್ ಎಂಬ ನೆರವಿನ ಸಂಸ್ಥೆಯನ್ನೇ ಮುಚ್ಚಿದಾಗ, ನಮ್ಮ ದೇಶದಲ್ಲಿಯೂ ಅದನ್ನು ನೆಚ್ಚಿದ್ದ ಯೋಜನೆಗಳು ನಿಂತುಹೋದುವು. ವಾಷಿಂಗ್ಟನ್ನಿನಲ್ಲಿ ಹಾಕಿದ ಒಂದು ಸಹಿಗೆ ಇಲ್ಲಿ ಯಾರದೋ ಮನೆಯ ಬಾಡಿಗೆ ಕಟ್ಟಲಾಗದೆ ಹೋಯಿತು.

ಬಿಳಿಗಿರಿರಂಗನ ಬೆಟ್ಟದಲ್ಲಿ ೧೯೮೧ರಿಂದ ಸೋಲಿಗರ ನಡುವೆ ದುಡಿದ ಡಾ. ಎಚ್. ಸುದರ್ಶನ್ ಅವರಿಲ್ಲವೆ, ೧೯೮೪ರಲ್ಲಿ ಹುಟ್ಟಿ ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಬೇರೂರಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನ ತರುಣ ವೈದ್ಯರಿರಲಿಲ್ಲವೆ, ಎಂದು ನನ್ನ ಮಿತ್ರರೊಬ್ಬರು ವಾದಿಸಿದರು. ಇದ್ದಾರೆ, ಅವರಿಗೆ ನಾಡು ತಲೆಬಾಗಿದೆ. ಆದರೆ ಸಾವಿರಕ್ಕೊಬ್ಬ ತ್ಯಾಗಿಯನ್ನು ತೋರಿಸಿ ಉಳಿದ ಒಂಬೈನೂರ ತೊಂಬತ್ತೊಂಬತ್ತು ಮಂದಿಯ ಸಂಬಳವನ್ನು ತಡೆಹಿಡಿಯುವುದು ಯಾವ ನ್ಯಾಯ? ಹಾಗೆಂದು ವಿದ್ಯಾರ್ಥಿಗಳೆಲ್ಲರೂ ನಿರ್ದೋಷಿಗಳೆಂದೂ ನಾನು ಹೇಳಲಾರೆ. ದಂತವೈದ್ಯದಲ್ಲಿ ದಾರಿ ಕಾಣದೆ, ಹೊರದೇಶಕ್ಕೆ ಮೆಟ್ಟಿಲಾದೀತೆಂದು ಮಾತ್ರ ಬಂದವರು ಆ ತರಗತಿಯಲ್ಲಿದ್ದರು. ಆಶಾ ಕಾರ್ಯಕರ್ತೆಯೊಬ್ಬಳೊಡನೆ ಒಂದು ದಿನವಾದರೂ ಮನೆಮನೆ ತಿರುಗದೆ ಪದವಿ ಪಡೆದವರೂ ಇದ್ದಾರೆ.

ಹೋಗುವವರು ಹೋಗಲಿ, ಬರುವವರು ಬರಲಿ, ಇದರಿಂದ ನಾಡಿಗೆ ನಷ್ಟವೇನು ಎಂದು ಕೇಳಬಹುದು. ಎರಡು ನಿದರ್ಶನಗಳನ್ನು ಹೇಳುತ್ತೇನೆ. ಬೆಂಗಳೂರಿನಲ್ಲಿ ೧೯೫೯ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಎಸ್. ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತನಾಡಿಸಿ ೧೯೬೩ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಹಳ್ಳಿಯವರು ಅಜ್ಞಾನಿಗಳು, ಕೆಮ್ಮನ್ನು ಲೆಕ್ಕಿಸುವುದಿಲ್ಲ, ಮನೆಮನೆಗೆ ಹೋಗಿ ಅವರನ್ನು ಹಿಡಿದು ತರಬೇಕು ಎಂಬುದು ಅಂದಿನ ನಂಬಿಕೆ. ಕಂಡದ್ದು ಬೇರೆ. ರೋಗಿಗಳಲ್ಲಿ ಹೆಚ್ಚಿನವರಿಗೆ ತಮ್ಮ ದೇಹಸ್ಥಿತಿಯ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ತಾವಾಗಿಯೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಕೊಟ್ಟ ಕೆಮ್ಮಿನ ಔಷಧ ಹಿಡಿದು ಹಿಂದಿರುಗಿದ್ದರು. ದೇಶದ ಕ್ಷಯರೋಗ ಕಾರ್ಯಕ್ರಮದ ದಿಕ್ಕನ್ನು ನಿರ್ಧರಿಸಿದ ತಿಳಿವಳಿಕೆಗಳಲ್ಲಿ ಇದೂ ಒಂದು. ಇದು ದೊರೆತದ್ದು ಹಳ್ಳಿಯವನ ಜಗಲಿಯ ಮೇಲೆ ಕುಳಿತು ಅವನ ಮಾತು ಕೇಳುವ ವ್ಯವಧಾನವಿದ್ದವರಿಂದ.

ಇನ್ನೊಂದು ಮಂಗನ ಕಾಯಿಲೆ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಬೆಳಕಿಗೆ ಬಂದ ಈ ಜ್ವರ ಇಂದಿಗೂ ಪ್ರತಿ ಬೇಸಗೆಯ ಮುಂಚೆ ಮಲೆನಾಡನ್ನು ಬೆದರಿಸುತ್ತದೆ. ೨೦೧೯ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದುವು. ದಶಕಗಳ ಕಾಲ ಕೊಡುತ್ತಿದ್ದ ಲಸಿಕೆ ಸಾಕಷ್ಟು ಫಲ ಕೊಡುತ್ತಿಲ್ಲವೆಂದು ೨೦೨೨ರಲ್ಲಿ ನಿಂತುಹೋಯಿತು. ಈಗ ಉಳಿದಿರುವ ಮುಖ್ಯ ರಕ್ಷಣೆ ಮಾತು: ಕಾಡಿಗೆ ದರಗು ತರಲು ಹೋಗುವಾಗ ಉಣ್ಣೆ ಕಡಿಯದಂತೆ ಮೈಗೆ ತೈಲ ಹಚ್ಚಿಕೊಳ್ಳಿರಿ, ಸತ್ತ ಮಂಗ ಕಂಡರೆ ಕೂಡಲೆ ತಿಳಿಸಿರಿ, ಜ್ವರ ಬಂದರೆ ಅಡಗಿಸದಿರಿ. ಹೇಳುವುದು ಸುಲಭ. ಆದರೆ ದರಗು ತರುವ ಹೆಂಗಸು ಯಾರ ಮಾತು ಕೇಳುತ್ತಾಳೆ? ಕಳೆದ ವರ್ಷವೂ ಬಂದಿದ್ದವಳ, ಅದರ ಹಿಂದಿನ ವರ್ಷವೂ ಬಂದಿದ್ದವಳ ಮಾತು ಕೇಳುತ್ತಾಳೆ. ಹನ್ನೊಂದು ತಿಂಗಳಿಗೊಮ್ಮೆ ಮುಖ ಬದಲಾದರೆ ಈ ಮಾತಿಗೆ ಬೆಲೆ ಬರುವುದು ಎಂದು?

ನನ್ನ ವಿದ್ಯಾರ್ಥಿನಿ ಒಳ್ಳೆಯ ಅಂಕಗಳಿಂದ ತೇರ್ಗಡೆಯಾದಳು. ಕಳೆದ ವರ್ಷ ಒಂದೇ ವಾರದಲ್ಲಿ ಆಕೆಗೆ ಎರಡು ಕಡೆಯಿಂದ ಕರೆ ಬಂದಿತು. ಒಂದು ಮಲೆನಾಡಿನ ತಾಲ್ಲೂಕಿನಲ್ಲಿ, ಮತ್ತೆ ಹನ್ನೊಂದು ತಿಂಗಳಿನದು. ಇನ್ನೊಂದು ಬೆಂಗಳೂರಿನ ಖಾಸಗಿ ಕಂಪನಿಯದು. ಆಸ್ಪತ್ರೆಗಳ ಲೆಕ್ಕ, ಆರೋಗ್ಯದ ಸಮೀಕ್ಷೆ ಮುಂತಾದುವು. ಸಂಬಳ ಎರಡೂವರೆ ಪಟ್ಟು. "ಏನು ಮಾಡಲಿ ಸಾರ್?" ಎಂದು ಕೇಳಿದಳು. ತಂದೆ ನಿವೃತ್ತರಾಗಿದ್ದರು, ತಮ್ಮನ ಓದು ಉಳಿದಿತ್ತು. "ನೀನೇ ಬಲ್ಲೆಯಮ್ಮಾ, ನಾನು ಹೇಳುವ ಅಧಿಕಾರವನ್ನು ಕಳೆದುಕೊಂಡಿದ್ದೇನೆ" ಎಂದೆನು. ಆಕೆ ಬೆಂಗಳೂರಿಗೆ ಹೋದಳು.

ಮೊನ್ನೆ ರಾತ್ರಿ ಅಲ್ಲಿಂದ ಫೋನ್ ಮಾಡಿದ್ದಳು. ಮಲೆನಾಡಿನ ಹಳ್ಳಿಗಳಲ್ಲಿ ನಡೆಸಬೇಕಾದ ಸಮೀಕ್ಷೆಯೊಂದರ ಪ್ರಶ್ನೆಗಳನ್ನು ಯಂತ್ರದಿಂದ ಕನ್ನಡಿಸಿದ್ದಾರಂತೆ. ಅವನ್ನು ತಿದ್ದುವ ಕೆಲಸ ಆಕೆಯ ಪಾಲಿಗೆ ಬಂದಿದೆ. ಪ್ರಶ್ನೆ ಕೇಳುವವರು ಆ ಕಡೆಯವರಲ್ಲ, ದಿನಗೂಲಿಗೆ ಗೊತ್ತುಮಾಡಿದ ಹುಡುಗರು. "ಸಾರ್, ಇಲ್ಲಿ 'ಉಸಿರಾಟದ ಕೊರತೆಯನ್ನು ಅನುಭವಿಸುತ್ತೀರಾ' ಎಂದು ಹಾಕಿದ್ದಾರೆ. ದಮ್ಮು ಎಂದು ಬರೆಯಲೋ, ಉಬ್ಬಸ ಎಂದು ಬರೆಯಲೋ?" ಎಂದು ಕೇಳಿದಳು. ಸಾಗರದ ಕಡೆ ಏನೆನ್ನುತ್ತಾರೆಂಬುದು ನನಗೂ ಗೊತ್ತಿರಲಿಲ್ಲ. ಅಲ್ಲಿ ಯಾರಾದರೂ ಇದ್ದರೆ ಕೇಳಿ ಹೇಳುವೆನೆಂದೆನು.